ಬೇಕರ್‌ನ ಬಲಗೈ ಅಲ್ಲಿಗೆ ಹೇಗೆ ಬಂತು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹನ್ನೊಂದು ವರ್ಷದ ಮಗ ಲಿಟಲ್ ಲೀಗ್ ತಂಡದಲ್ಲಿ ಥರ್ಡ್ ಬೇಸ್ ಆಡುತ್ತಾನೆ. ನಾನು ಕ್ರಿಕೆಟ್ ನೋಡಿ ಬೆಳೆದವನು, ಈ ಆಟ ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ. ಮೊನ್ನೆ ಮಗ 1909ರ ಒಂದು ಫೋಟೋ ತೋರಿಸಿದ. ಟೈ ಕಾಬ್ ಎಂಬ ಆಟಗಾರ ಥರ್ಡ್ ಬೇಸ್‌ಗೆ ಜಾರಿಕೊಂಡು ಬರುತ್ತಿದ್ದಾನೆ. ಅಲ್ಲಿರುವ ಫ್ರಾಂಕ್ ಬೇಕರ್ ಬಗ್ಗಿ, ಬರಿಯ ಬಲಗೈಯಲ್ಲಿ ಚೆಂಡು ಹಿಡಿದು ಮುಟ್ಟಲು ಹೋಗುತ್ತಿದ್ದಾನೆ. "ಎಡಗೈಯಲ್ಲಿ ಗ್ಲವ್ ಇದೆಯಲ್ಲ, ಮತ್ಯಾಕೆ ಬರಿಗೈ? ನಮ್ಮ ಕೋಚ್ ಆಗಿದ್ದರೆ ಬೈತಿದ್ರು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಕರ್ ಬೇಸ್ ಮುಟ್ಟಿದರೆ ಸಾಲದೇ? ಓಡಿ ಬಂದವನು ನೆಲಕ್ಕೆ ಬೀಳುವುದು ಯಾಕೆ? ಮತ್ತೆ, ಕಾಬ್ ಬೇಕಂತಲೇ ತುಳಿದ ಅನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ನಿಮ್ಮ ಮಗನಿಗೆ ಮೊದಲು ಒಂದು ಶಹಬ್ಬಾಸ್ ಹೇಳಿ. ಆ ಫೋಟೋ ನೋಡಿದವರೆಲ್ಲ ಕಾಬ್‌ನ ಕಾಲು ನೋಡುತ್ತಾರೆ. ನೂರು ವರ್ಷಕ್ಕೂ ಮೇಲಿಂದ ಜಗಳ ನಡೆದಿರುವುದು ಆ ಕಾಲಿನ ಬಗ್ಗೆಯೇ. ಬೇಕರ್‌ನ ಕೈ ನೋಡಿದವರು ಕಡಿಮೆ. ಆದರೆ ಆವತ್ತಿನ ಕತೆಯೆಲ್ಲ ಅಡಗಿರುವುದು ಆ ಬಲಗೈಯಲ್ಲಿ ಅಂತ ನನಗೆ ಅನಿಸುತ್ತದೆ. ಅದು ಅಲ್ಲಿಗೆ ಯಾಕೆ ಬಂತು ಅಂತ ಹೇಳಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ನೀವು ಸಣ್ಣವರಿದ್ದಾಗ ಲಗೋರಿ ಆಡಿರುತ್ತೀರಿ ಅಲ್ವಾ? ಕಲ್ಲು ಜೋಡಿಸಲು ಬಂದವನ ಬೆನ್ನಿಗೆ ಚೆಂಡು ಬಿದ್ದರೆ ಅವನು ಔಟ್. ಬೇಸ್‌ಬಾಲ್ ಹುಟ್ಟುವ ಮೊದಲು ಅಮೆರಿಕದ ಊರುಗಳಲ್ಲಿ ಆಡುತ್ತಿದ್ದ ಚೆಂಡಾಟಗಳಲ್ಲೂ ಇದೇ ಪದ್ಧತಿ ಇತ್ತು. ಎರಡು ಬೇಸ್‌ಗಳ ನಡುವೆ ಓಡುವವನಿಗೆ ಗುರಿ ಇಟ್ಟು ಹೊಡೆಯುವುದು. ಚೆಂಡು ಮೆತ್ತಗಿರುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. 1845ರಲ್ಲಿ ನ್ಯೂಯಾರ್ಕ್‌ನ ನಿಕ್ಕರ್‌ಬಾಕರ್ ಕ್ಲಬ್ ತನ್ನ ನಿಯಮಗಳನ್ನು ಬರೆದಿಟ್ಟಾಗ ಇದನ್ನು ಬಿಟ್ಟಿತು. ಓಟಗಾರನ ಮೇಲೆ ಚೆಂಡು ಎಸೆಯುವಂತಿಲ್ಲ, ಕೈಯಲ್ಲಿ ಹಿಡಿದ ಚೆಂಡಿನಿಂದಲೇ ಅವನನ್ನು ಮುಟ್ಟಬೇಕು ಅಂತ ಮಾಡಿತು. ಹೊಡೆತ ಹೋಗಿ ಮುಟ್ಟುವುದು ಬಂತು. ಮೈಗೆ ಬೀಳುವ ಭಯ ಹೋದ ಮೇಲೆ ಚೆಂಡು ಗಟ್ಟಿಯಾದರೂ ನಡೆಯಿತು. ಗಟ್ಟಿ ಚೆಂಡು ದೂರ ಹೋಗುತ್ತದೆ, ಜೋರಾಗಿ ವಾಪಸ್ಸೂ ಬರುತ್ತದೆ. ಈಗಿನ ಬೇಸ್‌ಬಾಲ್‌ನ ಅರ್ಧ ಗುಣ ಆ ಒಂದು ಸಾಲಿನಿಂದ ಬಂದದ್ದು.

ಈಗ ಬೇಸ್ ಮುಟ್ಟಿದರೆ ಸಾಲದೇ ಅನ್ನುವ ನಿಮ್ಮ ಪ್ರಶ್ನೆ. ಕ್ರಿಕೆಟ್ಟಿನಲ್ಲಿ ರನ್ ಔಟ್ ಮಾಡಲು ಸ್ಟಂಪ್ ಬೀಳಿಸಿದರೆ ಸಾಕು, ಓಡುವವನನ್ನು ಯಾರೂ ಮುಟ್ಟುವುದಿಲ್ಲ. ಬೇಸ್‌ಬಾಲ್‌ನಲ್ಲೂ ಅಂಥ ಔಟ್ ಇದೆ, ಅದನ್ನು ಫೋರ್ಸ್ ಅನ್ನುತ್ತಾರೆ. ಹಿಂದಿನವನು ಬರುತ್ತಿರುವುದರಿಂದ ಮುಂದಿನವನು ಜಾಗ ಖಾಲಿ ಮಾಡಲೇಬೇಕು ಅನ್ನುವ ಸ್ಥಿತಿ ಇದ್ದರೆ ಮಾತ್ರ, ಚೆಂಡು ಹಿಡಿದು ಬೇಸ್ ತುಳಿದರೆ ಸಾಕು. ಥರ್ಡ್ ಬೇಸ್‌ನಲ್ಲಿ ಹಾಗಾಗಬೇಕಾದರೆ ಫಸ್ಟ್ ಮತ್ತು ಸೆಕೆಂಡ್ ಎರಡೂ ತುಂಬಿರಬೇಕು. ಉಳಿದ ಹೊತ್ತಿನಲ್ಲಿ ಓಟಗಾರನಿಗೆ ಹಿಂದಕ್ಕೆ ಹೋಗುವ ದಾರಿ ತೆರೆದೇ ಇರುತ್ತದೆ. ದಾರಿ ಇರುವವನನ್ನು ಬೇಸ್ ತುಳಿದು ಔಟ್ ಮಾಡಲು ಬರುವುದಿಲ್ಲ. ಮೈ ಮುಟ್ಟಲೇಬೇಕು. ಬೇಸ್ ಕದಿಯಲು, ಅಂದರೆ ಜೊತೆಗಾರನ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಲು ಹೊರಟವನೂ ಹೀಗೆಯೇ. ಹಾಗಾಗಿ ಥರ್ಡ್ ಬೇಸ್ ಅಂದರೆ ಹೆಚ್ಚಿನ ಪಾಲು ಮುಟ್ಟಾಟದ ಜಾಗ.

ಇನ್ನು ನೆಲಕ್ಕೆ ಬೀಳುವುದು. ಫಸ್ಟ್ ಬೇಸ್‌ಗೆ ಓಡುವವನು ಅದನ್ನು ತುಳಿದು ಮುಂದಕ್ಕೆ ಓಡಿಹೋಗಬಹುದು. ಈ ರಿಯಾಯಿತಿ 1870ರ ದಶಕದ ಶುರುವಿನಲ್ಲಿ ಬಂತು. ಸೆಕೆಂಡ್‌ಗೂ ಥರ್ಡ್‌ಗೂ ಅದು ಇವತ್ತಿಗೂ ಇಲ್ಲ. ಎರಡು ಬೇಸ್‌ಗಳ ನಡುವೆ 90 ಅಡಿ, 1857ರಲ್ಲಿ ಕ್ಲಬ್‌ಗಳೆಲ್ಲ ಸೇರಿ ಗಟ್ಟಿ ಮಾಡಿದ ಅಳತೆ. 90 ಅಡಿ ಜೀವ ಬಿಟ್ಟು ಓಡಿ ಬಂದವನು ಒಂದು ಸಣ್ಣ ಚೀಲದ ಮೇಲೆ ನಿಲ್ಲಬೇಕು. ನಿಂತುಕೊಂಡೇ ನಿಲ್ಲಲು ಹೋದರೆ ಹತ್ತು ಅಡಿ ಮೊದಲೇ ವೇಗ ಕಡಿಮೆ ಮಾಡಬೇಕು. ಮಾಡದಿದ್ದರೆ ಚೀಲ ದಾಟಿ ಹೋಗುತ್ತಾನೆ, ಅಲ್ಲಿ ಮುಟ್ಟಿಸಿಕೊಳ್ಳುತ್ತಾನೆ. ಜಾರಿದರೆ ನೆಲವೇ ಬ್ರೇಕು. ಜೊತೆಗೆ ಇನ್ನೊಂದು ಲಾಭ. ನಿಂತಿರುವ ಮನುಷ್ಯನಲ್ಲಿ ಮುಟ್ಟಲು ಎದೆ, ಹೊಟ್ಟೆ, ಭುಜ ಎಲ್ಲ ಸಿಗುತ್ತದೆ. ಮಲಗಿ ಬಂದವನಲ್ಲಿ ಸಿಗುವುದು ಒಂದು ಕಾಲು, ಅದೂ ದೂಳಿನಲ್ಲಿ.

ಚೀಲ ಅಂದೆ, ಅದು ಬರೀ ಮಾತಿಗೆ ಅಂದದ್ದಲ್ಲ. ಆಗಿನ ಬೇಸ್ ನಿಜಕ್ಕೂ ಕ್ಯಾನ್ವಾಸ್ ಚೀಲ. ಒಳಗೆ ಮರಳೋ ಮರದ ಹೊಟ್ಟೋ ತುಂಬಿ, ಪಟ್ಟಿಯಿಂದ ನೆಲದ ಗೂಟಕ್ಕೆ ಬಿಗಿಯುತ್ತಿದ್ದರು. 1877ರಲ್ಲಿ 15 ಅಂಗುಲ ಚೌಕ ಅಂತ ಗೊತ್ತುಮಾಡಿದರು. ಜೋರಾಗಿ ಬಂದು ಬಡಿದರೆ ಚೀಲ ಅಲುಗುತ್ತಿತ್ತು, ಒಮ್ಮೊಮ್ಮೆ ಕಿತ್ತುಕೊಂಡೇ ಹೋಗುತ್ತಿತ್ತು. 1887ರವರೆಗೆ ಥರ್ಡ್ ಬೇಸ್ ಫೌಲ್ ಗೆರೆಯ (ಹೊಡೆತ ಲೆಕ್ಕಕ್ಕೆ ಬರುವ ಜಾಗದ ಅಂಚು) ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಕೂತಿರುತ್ತಿತ್ತು. ಆ ವರ್ಷ ಅದನ್ನು ಪೂರ್ತಿ ಒಳಕ್ಕೆ ಸರಿಸಿದರು.

ಮೊದಲ ಸ್ಲೈಡ್ ಮಾಡಿದವರು ಯಾರು ಅಂತ ಕೇಳಬೇಡಿ. ರಾಕ್‌ಫರ್ಡ್‌ನ ಬಾಬ್ ಆ್ಯಡಿ ಅನ್ನುವವರಿದ್ದಾರೆ, ಫಿಲಡೆಲ್ಫಿಯಾದ ಎಡ್ಡಿ ಕತ್‌ಬರ್ಟ್ ಅನ್ನುವವರೂ ಇದ್ದಾರೆ. ಇಬ್ಬರದೂ 1860ರ ದಶಕ. ಬಹುಶಃ ಅವರಿಗಿಂತ ಮೊದಲೇ ಯಾವನೋ ಹುಡುಗ ಎಡವಿ ಬಿದ್ದು, ಸೇಫ್ ಆಗಿ, ನಾಳೆಯೂ ಹೀಗೇ ಬೀಳೋಣ ಅಂದುಕೊಂಡಿರುತ್ತಾನೆ.

ಆ ಕಾಲದಲ್ಲಿ ಓಟಗಾರನನ್ನು ಮುಟ್ಟುವ ರೀತಿ ಹೇಗಿತ್ತು ಅನ್ನುವುದು ಇದಕ್ಕಿಂತ ಮುಖ್ಯ. ಗ್ಲವ್ ಇರಲಿಲ್ಲ. 1875ರಲ್ಲಿ ಚಾರ್ಲ್ಸ್ ವೇಟ್ ಎಂಬ ಫಸ್ಟ್ ಬೇಸ್‌ಮನ್ ಚರ್ಮದ ಬಣ್ಣದ ಗ್ಲವ್ ಹಾಕಿಕೊಂಡು ಬಂದ. ಯಾರ ಕಣ್ಣಿಗೂ ಬೀಳದಿರಲಿ ಅಂತ ಆ ಬಣ್ಣ, ಅಷ್ಟು ನಾಚಿಕೆ! ಎರಡು ವರ್ಷದ ಮೇಲೆ ಆಲ್ಬರ್ಟ್ ಸ್ಪಾಲ್ಡಿಂಗ್ ಕಪ್ಪು ಗ್ಲವ್ ಹಾಕಿದ ಮೇಲೆ ನಾಚಿಕೆ ಸ್ವಲ್ಪ ಬಿಟ್ಟಿತು. ಆದರೂ ಥರ್ಡ್ ಬೇಸ್‌ನವರು 1880ರ ದಶಕದ ಅರ್ಧದವರೆಗೆ ಬರಿಗೈಯಲ್ಲೇ ಆಡಿದರು. ಪ್ರಾವಿಡೆನ್ಸ್‌ನ ಜೆರ್ರಿ ಡೆನ್ನಿಯಂತೂ 1894ರಲ್ಲಿ ಆಟ ಬಿಡುವವರೆಗೂ ಗ್ಲವ್ ಮುಟ್ಟಲಿಲ್ಲ. ಅವನಿಗೆ ಎರಡು ಕೈಯೂ ಸಮ. ಎಡಕ್ಕೆ ಬಂದ ಚೆಂಡನ್ನು ಎಡಗೈಯಲ್ಲಿ ಹಿಡಿದು ಎಡಗೈಯಲ್ಲೇ ಎಸೆಯುತ್ತಿದ್ದ. ಅಂಥವನಿಗೆ ಗ್ಲವ್ ಅಂದರೆ ಒಂದು ಕೈ ಕಟ್ಟಿಹಾಕಿದ ಹಾಗೆ.

ಬರಿಗೈಯಲ್ಲಿ ಗಟ್ಟಿ ಚೆಂಡು ಹಿಡಿಯುವುದು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ, ಕ್ರಿಕೆಟ್ಟಿನವರು. ಎರಡೂ ಕೈ ಜೋಡಿಸಿ, ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ, ಹೊಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ಆ ಎಳೆತವೇ ಓಟಗಾರನಿಗೆ ಸಿಕ್ಕ ಸಮಯ. ಚೆಂಡು ಹೊಟ್ಟೆಯ ಹತ್ತಿರ ಇದೆ, ಓಟಗಾರನ ಕೈ ನೆಲದ ಮೇಲಿದೆ. ಅಷ್ಟು ಎತ್ತರದಿಂದ ಚೆಂಡು ಇಳಿದು ಬರುವುದರೊಳಗೆ ಅವನು ಚೀಲ ಮುಟ್ಟಿರುತ್ತಾನೆ. ಆಗ ತಲೆ ಮುಂದಾಗಿ, ಕೈ ಚಾಚಿ, ಹೊಟ್ಟೆಯ ಮೇಲೆ ಜಾರುವುದೇ ಜಾಸ್ತಿ ಇದ್ದದ್ದು ಇದಕ್ಕೇ ಅಂತ ನನ್ನ ಲೆಕ್ಕ. ಫೀಲ್ಡರ್ ನಿಧಾನ, ಹಾಗಾಗಿ ನೇರ ಹೋದರೂ ನಡೆಯುತ್ತಿತ್ತು. ತೊಂದರೆ ಏನೆಂದರೆ ಫೀಲ್ಡರ್‌ನ ಬೂಟಿನಲ್ಲೂ ಸ್ಪೈಕ್ ಇತ್ತು. ಚಾಚಿದ ಬೆರಳಿನ ಮೇಲೆ ಅದು ಬಿದ್ದರೆ ಆ ಸೀಸನ್ ಮುಗಿದ ಹಾಗೆ.

ಫೀಲ್ಡರ್‌ಗಳು ಗ್ಲವ್ ಹಾಕಲು ಶುರುಮಾಡಿದರು, ಮುಟ್ಟುವುದು ಚುರುಕಾಯಿತು. ಓಟಗಾರರು ಸುಮ್ನೆ ಕೂರಲಿಲ್ಲ. ಸೊಂಟದ ಪಕ್ಕಕ್ಕೆ ಹತ್ತಿ ತುಂಬಿದ ಪ್ಯಾಡ್ ಕಟ್ಟಿಕೊಂಡು ಕಾಲು ಮುಂದಾಗಿ ಜಾರಲು ಶುರುಮಾಡಿದರು. ಪ್ಯಾಡ್ ತಂದವನು ಫಿಲಡೆಲ್ಫಿಯಾದ ಹ್ಯಾರಿ ಸ್ಟೋವಿ ಅಂತ ಹೇಳುತ್ತಾರೆ. ಆದರೆ ಜನ ದುಡ್ಡು ಕೊಟ್ಟು ನೋಡಲು ಬರುತ್ತಿದ್ದ ಸ್ಲೈಡ್ ಮೈಕ್ 'ಕಿಂಗ್' ಕೆಲ್ಲಿಯದು. ಶಿಕಾಗೋ ತಂಡದವನು. 1887ರಲ್ಲಿ ಬಾಸ್ಟನ್‌ನವರು ಅವನನ್ನು 10,000 ಡಾಲರ್ ಕೊಟ್ಟು ಕೊಂಡರು, ಆಗಿನ ಕಾಲಕ್ಕೆ ಕೇಳರಿಯದ ಮೊತ್ತ. ಅವನ ಜಾರುವಿಕೆಯ ಮೇಲೆ ಹಾಡೂ ಬಂತು. ಅವನು ಮತ್ತು ಶಿಕಾಗೋ ಗೆಳೆಯರು ಚೀಲದ ಕಡೆಗೆ ನೇರ ಹೋಗುತ್ತಿರಲಿಲ್ಲ. ಪಕ್ಕಕ್ಕೆ ಬಿದ್ದು, ಚೀಲ ದಾಟುವಾಗ ಪಾದದ ತುದಿಯನ್ನು ಕೊಕ್ಕೆಯ ಹಾಗೆ ಮಡಚಿ ಅದರ ಮೂಲೆಗೆ ಸಿಕ್ಕಿಸುತ್ತಿದ್ದರು. ಇದೇ ಮುಂದೆ ಹುಕ್ ಸ್ಲೈಡ್ ಆಯಿತು.

ಕಬಡ್ಡಿಯಲ್ಲಿ ರೈಡರ್ ಮೈಯನ್ನೆಲ್ಲ ಒಂದು ಕಡೆಗೆ ಎಸೆದು ಕಾಲ ಬೆರಳಿನಿಂದ ಗೆರೆ ಮುಟ್ಟುವುದನ್ನು ನೆನಪಿಸಿಕೊಳ್ಳಿ. ಹುಕ್ ಸ್ಲೈಡ್‌ನ ಬುದ್ಧಿಯೂ ಅದೇ. ಮೈ ಬಲಕ್ಕೆ, ಎಡ ಪಾದದ ತುದಿ ಮಾತ್ರ ಚೀಲಕ್ಕೆ. ಫೀಲ್ಡರ್‌ಗೆ ಮುಟ್ಟಲು ಸಿಗುವುದು ಒಂದು ಬೂಟಿನ ಮೂತಿ. ಅದನ್ನು ಮುಟ್ಟಬೇಕಾದರೆ ಅವನು ಚೀಲದ ಆಚೆಗೆ ಬಗ್ಗಬೇಕು. ಈ 'ಬಗ್ಗಬೇಕು' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಬೇಕರ್ ಹತ್ತಿರ ಬಂದಾಗ ಬೇಕಾಗುತ್ತದೆ.

ನಡುವೆ ಅಂಪೈರ್ ಬಗ್ಗೆ ಒಂದು ಮಾತು. ನಾನೂ ಒಂದಷ್ಟು ವರ್ಷ ಶಾಲೆ ಮಕ್ಕಳ ಸಾಫ್ಟ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಂತವನು, ಹಾಗಾಗಿ ಆ ಪಾಪದವರ ಕಷ್ಟ ಗೊತ್ತು. 19ನೇ ಶತಮಾನದಲ್ಲಿ ಇಡೀ ಮೈದಾನಕ್ಕೆ ಸಾಮಾನ್ಯವಾಗಿ ಒಬ್ಬನೇ ಅಂಪೈರ್. ದೊಡ್ಡ ಲೀಗ್‌ಗಳಲ್ಲಿ ಇಬ್ಬರು ಕಾಯಂ ಆದದ್ದು 1911-12ರ ಹೊತ್ತಿಗೆ. ಒಬ್ಬನೇ ಇದ್ದಾಗ ಅವನು ಚೆಂಡಿನ ಹಿಂದೆ ಕಣ್ಣಿಟ್ಟರೆ ಓಟಗಾರ ಏನು ಮಾಡಿದ ಅಂತ ಕಾಣುವುದಿಲ್ಲ. ಇದನ್ನು ಕೆಲ್ಲಿ ಚೆನ್ನಾಗಿ ತಿಳಿದಿದ್ದ. ಅಂಪೈರ್ ಆ ಕಡೆ ತಿರುಗಿದ ಅಂದರೆ ಸೆಕೆಂಡ್‌ನಿಂದ ಥರ್ಡ್ ಹತ್ತಿರಕ್ಕೂ ಹೋಗದೆ ಅಡ್ಡ ಹಾಯ್ದು ಮನೆ, ಅಂದರೆ ಓಟ ಮುಗಿಸಿ ರನ್ ಗಳಿಸುವ ಹೋಮ್ ಬೇಸ್, ಸೇರಿಬಿಡುತ್ತಿದ್ದ. ಬಾಲ್ಟಿಮೋರ್ ಓರಿಯೋಲ್ಸ್‌ನ ಥರ್ಡ್ ಬೇಸ್‌ಮನ್ ಜಾನ್ ಮೆಗ್ರಾ ಇದರ ಉಲ್ಟಾ ವಿದ್ಯೆ ಕಲಿತಿದ್ದ. ಥರ್ಡ್‌ನಲ್ಲಿ ನಿಂತ ಎದುರಾಳಿ ಮನೆ ಕಡೆ ಹೊರಡುವ ಕ್ಷಣಕ್ಕೆ ಹಿಂದಿನಿಂದ ಅವನ ಬೆಲ್ಟ್ ಹಿಡಿದುಕೊಳ್ಳುತ್ತಿದ್ದ. ಒಬ್ಬ ಓಟಗಾರ ಬೆಲ್ಟಿನ ಬಕಲ್ ಮೊದಲೇ ಬಿಚ್ಚಿಟ್ಟು ಓಡಿದನಂತೆ, ಮೆಗ್ರಾ ಕೈಯಲ್ಲಿ ಬರೀ ಬೆಲ್ಟ್ ಉಳಿಯಿತಂತೆ. ಈ ಕತೆಯನ್ನು ಬೇರೆ ಬೇರೆಯವರ ಹೆಸರಿಗೆ ಅಂಟಿಸಿ ಹೇಳುತ್ತಾರೆ, ಹಾಗಾಗಿ ಅದನ್ನು ಕತೆ ಅಂತಲೇ ಇಟ್ಟುಕೊಳ್ಳಿ.

ಒಬ್ಬನೇ ಅಂಪೈರ್ ಇದ್ದಾಗ ಮುಟ್ಟಿದೆಯೋ ಇಲ್ಲವೋ ಅನ್ನುವುದಕ್ಕಿಂತ ಮುಟ್ಟಿದ ಹಾಗೆ ಕಂಡಿತೇ ಅನ್ನುವುದೇ ದೊಡ್ಡದು. ಚೆಂಡು ಮೊದಲೇ ಬಂದು ಕಾಯುತ್ತಿದ್ದರೆ, ಕೈ ಒಮ್ಮೆ ಬೀಸಿದರೆ, ಔಟ್. ಓಟಗಾರನೂ ಅಷ್ಟೇ, ದೂಳೆಬ್ಬಿಸಿ ಆಚೆ ಮಗ್ಗುಲಿಗೆ ಬಿದ್ದರೆ ದೂರದಲ್ಲಿರುವ ಅಂಪೈರ್‌ಗೆ ಏನು ಕಾಣುತ್ತದೆ? ಹುಕ್ ಸ್ಲೈಡ್ ಆ ಮಟ್ಟಿಗೆ ಕಣ್ಕಟ್ಟೂ ಹೌದು.

ಕದಿಯುವ ಲೆಕ್ಕಗಳನ್ನು ನೋಡುವಾಗ ಒಂದು ಎಚ್ಚರ. ಹ್ಯೂ ನಿಕೋಲ್ 1887ರಲ್ಲಿ 138 ಬೇಸ್ ಕದ್ದ ಅಂತ ಪುಸ್ತಕದಲ್ಲಿದೆ. ಆದರೆ 1898ಕ್ಕೆ ಮೊದಲು ಜೊತೆಗಾರನ ಹೊಡೆತಕ್ಕೆ ಫಸ್ಟ್‌ನಿಂದ ಥರ್ಡ್‌ವರೆಗೆ ಓಡಿದರೂ ಆ ಹೆಚ್ಚುವರಿ ಬೇಸನ್ನು ಕಳ್ಳತನದ ಖಾತೆಗೆ ಹಾಕುತ್ತಿದ್ದರು. ಈಗಿನ ಲೆಕ್ಕಕ್ಕೆ ಹೋಲಿಸಬೇಡಿ. ಹಾಗಂತ ತಳ್ಳಿಹಾಕಲೂ ಬೇಡಿ. ಫಸ್ಟ್‌ನಿಂದ ಥರ್ಡ್‌ಗೆ ಓಡುವುದನ್ನೂ ಕಳ್ಳತನದಷ್ಟೇ ದೊಡ್ಡ ವಿದ್ಯೆ ಅಂತ ಅವರು ಎಣಿಸಿದ್ದರು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಥರ್ಡ್ ಬೇಸ್‌ನವನ ಕೆಲಸವೂ ಈ ನಡುವೆ ಕಷ್ಟವಾಯಿತು. 1877ಕ್ಕೆ ಮೊದಲು, ಒಳಗೆ ಒಮ್ಮೆ ಪುಟಿದು ಆಮೇಲೆ ಗೆರೆಯಾಚೆ ಉರುಳಿಹೋದ ಚೆಂಡೂ ಸರಿಯಾದ ಹೊಡೆತವೇ. ರಾಸ್ ಬಾರ್ನ್ಸ್ ಎಂಬಾತ ಇದನ್ನೇ ಕಸುಬು ಮಾಡಿಕೊಂಡು 1876ರಲ್ಲಿ .429 ಸರಾಸರಿ ಹೊಡೆದ. ಅದನ್ನು ತಡೆಯಲು ಥರ್ಡ್‌ನವನು ಗೆರೆಗೆ ಅಂಟಿಕೊಂಡೇ ನಿಲ್ಲಬೇಕಿತ್ತು, ಅಂದರೆ ಚೀಲದ ಹತ್ತಿರವೇ. ನಿಯಮ ಬದಲಾದ ಮೇಲೆ ಅವನು ಒಳಕ್ಕೆ ಸರಿದ. ಆಮೇಲೆ ಬಂಟ್ ಬಂತು. 1890ರ ದಶಕದಲ್ಲಿ ಬಾಲ್ಟಿಮೋರ್‌ನವರು ಬ್ಯಾಟನ್ನು ಸುಮ್ನೆ ತಾಗಿಸಿ ಚೆಂಡನ್ನು ಥರ್ಡ್ ಕಡೆಗೆ ಮೆಲ್ಲಗೆ ಉರುಳಿಸುವುದರಲ್ಲಿ ಪಳಗಿದರು. 1895ರಲ್ಲಿ ಲೂಯಿವಿಲ್‌ನ ಜಿಮ್ಮಿ ಕಾಲಿನ್ಸ್ ಮುಂದಕ್ಕೆ ನುಗ್ಗಿ, ಬರಿಗೈಯಲ್ಲಿ ಬಾಚಿ, ಅದೇ ಓಟದಲ್ಲಿ ಎಸೆದು ಅವರ ಆಟ ಮುರಿದ. ಅಂದಿನಿಂದ ಥರ್ಡ್ ಬೇಸ್‌ಮನ್ ಅಂದರೆ ಮುಂದಕ್ಕೆ ಓಡುವವನು. ಆದರೆ ಮುಂದಕ್ಕೆ ಹೋದವನೇ ಮುಟ್ಟುವುದಕ್ಕೆ ಹಿಂದಕ್ಕೂ ಬರಬೇಕು. ಚೆಂಡು, ಓಟಗಾರ, ಅವನು, ಮೂವರೂ ಒಂದೇ ಕ್ಷಣಕ್ಕೆ ಚೀಲದ ಹತ್ತಿರ ಸೇರುತ್ತಾರೆ.

ಇದರ ಚಿತ್ರ ಬೇಕಿದ್ದರೆ ನಿಮ್ಮ ಮಗನಿಗೆ ಇನ್ನೊಂದು ಹಳೇ ಫೋಟೋ ಹುಡುಕಲು ಹೇಳಿ. 1910ರ ಸುಮಾರಿನದು, ನ್ಯೂಯಾರ್ಕ್‌ನ ಹಿಲ್‌ಟಾಪ್ ಪಾರ್ಕ್. ತೆಗೆದವನು ಚಾರ್ಲ್ಸ್ ಕಾನ್ಲನ್, ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುವ ಕೆಲಸ, ಫೋಟೋ ಹವ್ಯಾಸ. ಕಾಬ್ ಹಲ್ಲು ಕಚ್ಚಿ ಥರ್ಡ್‌ಗೆ ನುಗ್ಗುತ್ತಿದ್ದಾನೆ, ಮಣ್ಣು ಹಾರುತ್ತಿದೆ, ನ್ಯೂಯಾರ್ಕ್‌ನ ಜಿಮ್ಮಿ ಆಸ್ಟಿನ್ ಕಾಲು ತಪ್ಪಿ ಬೀಳುತ್ತಿದ್ದಾನೆ. ಆಸ್ಟಿನ್ ಬಂಟ್ ಬರುತ್ತದೆ ಅಂತ ಮುಂದಕ್ಕೆ ಹೋಗಿದ್ದ. ಕಾಬ್ ಓಡಿದ್ದು ಗೊತ್ತಾಗಿ ಹಿಂದಕ್ಕೆ ಸರಿದು ಚೀಲಕ್ಕೆ ಬಂದ. ನಿಲ್ಲಲು ಪುರುಸೊತ್ತೇ ಸಿಗಲಿಲ್ಲ. ಕಾನ್ಲನ್‌ಗೆ ತಾನು ಕ್ಲಿಕ್ ಮಾಡಿದೆನೋ ಇಲ್ಲವೋ ಅಂತಲೂ ನೆನಪಿರಲಿಲ್ಲ, ಪ್ಲೇಟ್ ತೊಳೆದಾಗ ಚಿತ್ರ ಬಂತು.

ಈಗ ಬೇಕರ್‌ಗೆ ಬರೋಣ. ಸ್ವಲ್ಪ ಎದ್ದು ನಿಂತು ಮಾಡಿ ನೋಡಿ, ಇಲ್ಲದಿದ್ದರೆ ಅರ್ಥವಾಗುವುದು ಕಷ್ಟ. ನೀವು ಥರ್ಡ್ ಬೇಸ್‌ನಲ್ಲಿದ್ದೀರಿ, ಮನೆಯ ಕಡೆ, ಅಂದರೆ ಕ್ಯಾಚರ್ (ವಿಕೆಟ್ ಕೀಪರ್‌ನ ಹಾಗೆ ಬ್ಯಾಟರ್ ಹಿಂದೆ ಇರುವವನು) ಕಡೆ ಮುಖ ಮಾಡಿದ್ದೀರಿ. ಓಟಗಾರ ಸೆಕೆಂಡ್‌ನಿಂದ ಬರುತ್ತಿದ್ದಾನೆ, ನಿಮ್ಮ ಎಡಗಡೆಯಿಂದ. ಗ್ಲವ್ ನಿಮ್ಮ ಎಡಗೈಯಲ್ಲಿದೆ. ಕ್ಯಾಚರ್ 90 ಅಡಿಯಿಂದ ಎಸೆದ ಚೆಂಡು ಮುಖದ ಎದುರಿಗೆ ಬರುತ್ತದೆ. ಗ್ಲವ್‌ನಲ್ಲಿ ಹಿಡಿದು ಎಡಗೈಯನ್ನು ಹಾಗೇ ಕೆಳಕ್ಕೆ ಇಳಿಸಿದರೆ ಅದು ತಾನಾಗಿ ಓಟಗಾರನ ಮುಂದೆ ಇರುತ್ತದೆ. ಮೈ ಬಗ್ಗಿಸಬೇಕಿಲ್ಲ, ತಿರುಗಿಸಬೇಕಿಲ್ಲ. ನಿಮ್ಮ ಮಗ ಕಲಿತಿರುವುದು ಇದನ್ನೇ.

ಈಗ ಚೆಂಡನ್ನು ಬಲಗೈಗೆ ತೆಗೆದುಕೊಂಡು ಅದೇ ಜಾಗ ಮುಟ್ಟಿ ನೋಡಿ. ಬಲಗೈ ಎದೆಗೆ ಅಡ್ಡಲಾಗಿ ಎಡಕ್ಕೆ ಹೋಗಬೇಕು. ಭುಜ ತಿರುಗುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ, ಇಡೀ ಮೈ ಚೀಲದ ಮೇಲೆ ಬಾಗುತ್ತದೆ. ಓಟಗಾರ ಹುಕ್ ಸ್ಲೈಡ್ ಮಾಡಿ ಆಚೆಗೆ ಬಿದ್ದರಂತೂ ಇನ್ನೂ ಒಂದು ಮೊಳ ಚಾಚಬೇಕು. ಅವನ ಸ್ಪೈಕ್ ಇರುವ ಬೂಟು ಬರುವ ದಾರಿಯಲ್ಲಿ ನಿಮ್ಮ ಬರಿಯ ಮುಂಗೈ ಇರುತ್ತದೆ.

ಇಷ್ಟು ಕಷ್ಟಪಟ್ಟು ಬಲಗೈ ಯಾಕೆ? ಆಗಿನ ಗ್ಲವ್‌ಗೆ ಹೊಟ್ಟೆ ಇರಲಿಲ್ಲ, ಅದಕ್ಕೆ. ಈಗಿನ ಗ್ಲವ್ ಒಂದು ಬುಟ್ಟಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ಬಲೆ ಇರುತ್ತದೆ, ಚೆಂಡು ಅಲ್ಲಿ ಹೋಗಿ ಕೂರುತ್ತದೆ. 1909ರ ಗ್ಲವ್ ಅಂದರೆ ದಪ್ಪ ಮೆತ್ತೆ ಇಟ್ಟ ಕೈಚೀಲ, ಅಷ್ಟೆ. 1895ರಿಂದಲೇ ಕ್ಯಾಚರ್ ಮತ್ತು ಫಸ್ಟ್ ಬೇಸ್‌ನವನನ್ನು ಬಿಟ್ಟು ಉಳಿದವರ ಗ್ಲವ್ 10 ಔನ್ಸ್ ತೂಕ, 14 ಅಂಗುಲ ಸುತ್ತಳತೆ ಮೀರುವಂತಿಲ್ಲ ಅಂತ ಕಟ್ಟು ಹಾಕಿದ್ದರು. ಅಂಗೈಗೆ ಪೆಟ್ಟಾಗದ ಹಾಗೆ ಅದು ಕಾಯುತ್ತಿತ್ತು. ಚೆಂಡನ್ನು ಕಾಯುತ್ತಿರಲಿಲ್ಲ. ಓಟಗಾರನ ಕಾಲು ತಾಗಿದರೆ ಚೆಂಡು ಉದುರುತ್ತಿತ್ತು, ಉದುರಿದರೆ ಸೇಫ್. ಅದಕ್ಕೇ ಗ್ಲವ್‌ನಲ್ಲಿ ಹಿಡಿದು, ಬಲಗೈಯ ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಮುಟ್ಟುವುದು ಜಾಣತನ. ಬರಿಗೈ ಕಾಲದ ಅಭ್ಯಾಸವೂ ಇನ್ನೂ ಹೋಗಿರಲಿಲ್ಲ. ಬೇಕರ್ ಪೆದ್ದನಲ್ಲ. ಅವನ ಕಾಲದ ಗ್ಲವ್ ಅವನಿಂದ ಹಾಗೆ ಮಾಡಿಸಿತು.

ಎದುರಿಗೆ ಬಂದವನೂ ಸಾಮಾನ್ಯನಲ್ಲ. ಕಾಬ್ ಜಾರುವುದನ್ನು ಕಾಲಿನ ಚರ್ಮ ಕಿತ್ತುಹೋಗುವಷ್ಟು ಅಭ್ಯಾಸ ಮಾಡಿದವನು. ಓಡಿ ಬರುವಾಗ ಅವನು ಚೆಂಡು ನೋಡುತ್ತಿರಲಿಲ್ಲ, ಅದು ಅವನ ಬೆನ್ನಿಗೋ ಪಕ್ಕಕ್ಕೋ ಇರುತ್ತಿತ್ತು. ಫೀಲ್ಡರ್‌ನ ಕಣ್ಣು ನೋಡುತ್ತಿದ್ದ. ಕಣ್ಣು ಯಾವ ಕಡೆ ಹೋಯಿತೋ ಚೆಂಡು ಆ ಕಡೆ ಬರುತ್ತಿದೆ ಅಂತ ತಿಳಿದು ಇನ್ನೊಂದು ಕಡೆಗೆ ಬೀಳುತ್ತಿದ್ದ. ಕೊನೆಯ ಎರಡು ಹೆಜ್ಜೆಯಲ್ಲಿ ಮನಸ್ಸು ಬದಲಿಸುವುದು ಅವನ ಹೆಚ್ಚುಗಾರಿಕೆ. 1915ರಲ್ಲಿ 96 ಬೇಸ್ ಕದ್ದದ್ದು ಹೀಗೆ.

1909ರ ಆಗಸ್ಟ್ 24. ಡೆಟ್ರಾಯಿಟ್‌ನ ಬೆನೆಟ್ ಪಾರ್ಕ್. ಅದು ಮೊದಲು ಹುಲ್ಲಿನ ಸಂತೆ ನಡೆಯುತ್ತಿದ್ದ ಜಾಗ, ತೆಳು ಮಣ್ಣಿನ ಕೆಳಗೆ ಹಾಸುಗಲ್ಲು ಹಾಗೇ ಇತ್ತು. ಅಲ್ಲಿ ಜಾರುವುದಕ್ಕೂ ಎದೆಗಾರಿಕೆ ಬೇಕು. ಕಾಬ್‌ನ ಡೆಟ್ರಾಯಿಟ್ ಮತ್ತು ಬೇಕರ್‌ನ ಫಿಲಡೆಲ್ಫಿಯಾ ತಂಡಗಳ ನಡುವೆ ಅಮೆರಿಕನ್ ಲೀಗ್‌ನ ಮೊದಲ ಸ್ಥಾನಕ್ಕೆ ಜಿದ್ದಾಜಿದ್ದಿ. ಕಾಬ್ ಥರ್ಡ್‌ಗೆ ಜಾರಿದ, ಬೇಕರ್ ಬಲಗೈ ಚಾಚಿದ, ಸ್ಪೈಕ್ ತಾಗಿ ಮುಂಗೈಯಲ್ಲಿ ರಕ್ತ ಬಂತು. ಬೇಕರ್ ಪಟ್ಟಿ ಕಟ್ಟಿಸಿಕೊಂಡು ಆಟ ಮುಂದುವರಿಸಿದ, ಅಂದರೆ ಗಾಯ ದೊಡ್ಡದೇನಲ್ಲ. ಗಲಾಟೆ ದೊಡ್ಡದಾಯಿತು. ಫಿಲಡೆಲ್ಫಿಯಾದ ಮ್ಯಾನೇಜರ್ ಕಾನಿ ಮ್ಯಾಕ್ ಕಾಬ್ ಮೇಲೆ ಹರಿಹಾಯ್ದ. ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ಕೂಡ ಮೊದಲು ಕಾಬ್‌ನನ್ನೇ ಬೈದ. ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್ ತಂಡ ಫಿಲಡೆಲ್ಫಿಯಾಕ್ಕೆ ಹೋಗುವ ಹೊತ್ತಿಗೆ ಕಾಬ್‌ಗೆ ಕೊಲೆ ಬೆದರಿಕೆಯ ಪತ್ರಗಳು ಬಂದಿದ್ದವು, ಪೊಲೀಸರನ್ನು ನಿಲ್ಲಿಸಿ ಆಡಿಸಿದರು. ಆ ಸಲ ಡೆಟ್ರಾಯಿಟ್ಟೇ ಲೀಗ್ ಗೆದ್ದಿತು.

ಜಾನ್ಸನ್‌ನ ಬಾಯಿ ಮುಚ್ಚಿಸಿದ್ದು ನಿಮ್ಮ ಮಗ ನೋಡಿದ ಫೋಟೋ. ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ವಿಲಿಯಂ ಕುಂಝೆಲ್ ಥರ್ಡ್ ಬೇಸ್ ಹತ್ತಿರವೇ ಕ್ಯಾಮೆರಾ ಹಿಡಿದಿದ್ದ. ಕಾಬ್‌ನ ಮೈ ಬೇಕರ್‌ನಿಂದ ದೂರಕ್ಕೆ ಬೀಳುತ್ತಿರುವುದು, ಬೇಕರ್‌ನೇ ಚೀಲದ ಮೇಲೆ ಬಾಗಿ ಕೈ ಚಾಚಿರುವುದು ಅದರಲ್ಲಿ ಕಾಣುತ್ತದೆ. ತುಳಿಯಬೇಕು ಅಂತ ಬಂದವನು ದೂರಕ್ಕೆ ಬೀಳುವುದಿಲ್ಲ, ಮೈ ಮೇಲೇ ಬರುತ್ತಾನೆ. ನನ್ನ ತೀರ್ಪು ಕೇಳಿದರೆ, ಆವತ್ತಿನ ಮಟ್ಟಿಗೆ ಕಾಬ್ ತಪ್ಪಿತಸ್ಥನಲ್ಲ. ಅವನೇನು ಸಾಧು ಅಂತಲ್ಲ. ಓಟಗಾರನ ದಾರಿ ಓಟಗಾರನದು, ಅಡ್ಡ ಬಂದವನು ಅನುಭವಿಸಲಿ ಅನ್ನುವ ಜಾತಿಯವನು. ಡಗ್‌ಔಟ್ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕಾಣುವ ಹಾಗೆ ಸ್ಪೈಕ್‌ಗೆ ಅರ ಉಜ್ಜುತ್ತಿದ್ದ ಅನ್ನುವ ಮಾತನ್ನು ಮಾತ್ರ ಅವನು ಒಪ್ಪಲೇ ಇಲ್ಲ.

ಬೇಕರ್‌ನ ಕತೆ ಅಲ್ಲಿಗೆ ಮುಗಿಯಲಿಲ್ಲ. 1911ರ ವರ್ಲ್ಡ್ ಸೀರೀಸ್‌ನಲ್ಲಿ (ಎರಡು ದೊಡ್ಡ ಲೀಗ್ ಗೆದ್ದವರ ನಡುವಿನ ಅಂತಿಮ ಸರಣಿ) ನ್ಯೂಯಾರ್ಕ್ ಜಯಂಟ್ಸ್‌ನ ಫ್ರೆಡ್ ಸ್ನಾಡ್‌ಗ್ರಾಸ್‌ನ ಸ್ಪೈಕ್ ಎರಡು ಸಲ ಅವನಿಗೆ ತಾಗಿತು, ಎರಡೂ ಸಲ ಥರ್ಡ್ ಬೇಸ್‌ನಲ್ಲೇ. ಬೇರೆ ಓಟಗಾರ, ಬೇರೆ ತಂಡ, ಗಾಯ ಆದವನು ಮಾತ್ರ ಅವನೇ. ಇದನ್ನು ನೋಡಿ ಆಗಲೇ ಕೆಲವರು, ಬೇಕರ್ ಬೇಸ್ ಹತ್ತಿರ ನಿಲ್ಲುವ ರೀತಿಯೇ ಸರಿಯಿಲ್ಲ ಅಂದರು. ನನಗೂ ಹಾಗೇ ಅನಿಸುತ್ತದೆ. ಆದರೆ ಅದೇ ಸೀರೀಸ್‌ನಲ್ಲಿ ಎರಡು ಹೋಮ್ ರನ್ ಹೊಡೆದು 'ಹೋಮ್ ರನ್ ಬೇಕರ್' ಅಂತ ಹೆಸರು ತೆಗೆದುಕೊಂಡವನಿಗೆ ಕಾಲು ಎಲ್ಲಿಡಬೇಕು ಅಂತ ಪಾಠ ಹೇಳುವವರು ಯಾರು?

ಮುಟ್ಟುವುದಕ್ಕೆ ಜಾರುವವನೇ ಬೇಕೆಂದಿಲ್ಲ ಅನ್ನುವುದಕ್ಕೂ ಇದೇ ಕಾಲದ ಒಂದು ಉದಾಹರಣೆ ಇದೆ, ಮಗನಿಗೆ ಖುಷಿಯಾಗುತ್ತದೆ. 1907ರ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ. ಡೆಟ್ರಾಯಿಟ್‌ನ ಥರ್ಡ್ ಬೇಸ್‌ಮನ್ ಬಿಲ್ ಕಾಫ್ಲಿನ್ ಚೆಂಡನ್ನು ಪಿಚ್ಚರ್‌ಗೆ (ನಮ್ಮ ಬೌಲರ್ ಇದ್ದ ಹಾಗೆ) ಕೊಡದೆ ತನ್ನ ಹತ್ತಿರವೇ ಬಚ್ಚಿಟ್ಟುಕೊಂಡ. ಥರ್ಡ್‌ನಲ್ಲಿದ್ದ ಶಿಕಾಗೋದ ಜಿಮ್ಮಿ ಸ್ಲೇಗಲ್ ಆರಾಮಾಗಿ ಚೀಲದಿಂದ ಒಂದು ಹೆಜ್ಜೆ ಇಳಿದ. ಕಾಫ್ಲಿನ್ ಹೋಗಿ ಮುಟ್ಟಿದ. ಔಟ್. ದೂಳೂ ಇಲ್ಲ, ರಕ್ತವೂ ಇಲ್ಲ.

ಬರಿಗೈಯಲ್ಲಿ ಮುಟ್ಟುವುದು ಹೋದದ್ದು ಗ್ಲವ್ ಬದಲಾದ ಮೇಲೆ. ಸೇಂಟ್ ಲೂಯಿಸ್‌ನ ಪಿಚ್ಚರ್ ಬಿಲ್ ಡೋಕ್ 1919ರಲ್ಲಿ ರಾಲಿಂಗ್ಸ್ ಕಂಪನಿಗೆ ಒಂದು ಸಲಹೆ ಕೊಟ್ಟ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರ ಕಟ್ಟಿ, ಚೆಂಡು ಅಲ್ಲಿ ಕೂರುತ್ತದೆ ಅಂತ. ಅಷ್ಟೇ ವಿಷಯ. ಚೆಂಡು ಗ್ಲವ್‌ನಲ್ಲೇ ನಿಲ್ಲುವಂತಾಯಿತು, ಒಂದೇ ಕೈಯಲ್ಲಿ ಮುಟ್ಟಬಹುದಾಯಿತು, ಬಲಗೈ ಅಡ್ಡ ಬರುವುದು ತಪ್ಪಿತು. ಗ್ಲವ್‌ನಲ್ಲಿ ಮುಟ್ಟುವುದು ಬೇಗವಾದಂತೆ ಹುಕ್ ಸ್ಲೈಡ್ ಕೂಡ ನಿಧಾನಕ್ಕೆ ಮೂಲೆಗೆ ಸರಿಯಿತು. ಅಷ್ಟು ಸುತ್ತಿ ಬರುವುದರೊಳಗೆ ಗ್ಲವ್ ಕಾದು ಕೂತಿರುತ್ತದೆ. ಈಗ ಒಂದು ಕಾಲು ಮಡಚಿ ನೇರ ಹೋಗುವುದು, ಇಲ್ಲವೇ ಮತ್ತೆ ತಲೆ ಮುಂದಾಗಿ ಹಾರುವುದು. ನಿಮ್ಮ ಮಗನ ವಯಸ್ಸಿನವರಿಗೆ ಲಿಟಲ್ ಲೀಗ್‌ನಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರುವಂತಿಲ್ಲ, ಜಾರಿದರೆ ಔಟ್. ಲೋಹದ ಸ್ಪೈಕ್ ಕೂಡ ಇಲ್ಲ. ಆ ಮಟ್ಟಿಗೆ ನೀವು ನಿಶ್ಚಿಂತೆಯಿಂದ ಇರಬಹುದು.

ಮಗನಿಗೆ ಕೋಚ್ ಹೇಳಿಕೊಟ್ಟದ್ದೇ ಸರಿ. ಓಟಗಾರ ಬರುವ ದಾರಿ ಬಿಟ್ಟು ನಿಲ್ಲಲಿ, ಗ್ಲವ್ ಒಂದನ್ನೇ ಚೀಲದ ಮುಂದೆ ನೆಲದವರೆಗೆ ಇಳಿಸಲಿ. ಓಟಗಾರನನ್ನು ಹುಡುಕಿಕೊಂಡು ಹೋಗುವುದು ಬೇಡ, ಚೀಲ ಬೇಕಿದ್ದರೆ ಅವನೇ ಗ್ಲವ್ ಹತ್ತಿರಕ್ಕೆ ಬರುತ್ತಾನೆ. ತಾಗಿದ ಕೂಡಲೇ ಗ್ಲವ್ ಎತ್ತಿ, ಒಳಗಿರುವ ಚೆಂಡನ್ನು ಅಂಪೈರ್‌ಗೆ ತೋರಿಸಲಿ. ಅದು ಬಿದ್ದಿಲ್ಲ ಅಂತ ಕಣ್ಣಿಗೆ ಕಾಣುವವರೆಗೆ ನಾವು ಕೈ ಎತ್ತುವುದಿಲ್ಲ.